ಗಣಕದ ‘ಲೈಬ್ರರಿ’ ಮತ್ತು ಒಳ್ಳೆಯ ಪುಸ್ತಕದ ಗುಣ



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೂ ಇದನ್ನು ಬರೆಯಲು ಒಂದು ಕಾರಣವಿದೆ. ದೇವದುರ್ಗದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಯಚೂರಿನಲ್ಲಿ ಪದವಿ ಓದುತ್ತಿದ್ದಾನೆ. ಅವನು ಪೈಥಾನ್ ಕುರಿತ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಅರ್ಧ ಬೆಲೆಗೆ ಕೊಂಡು ತಂದ. ಮೊದಲ ಪಾಠದ ಮೊದಲ ಸಾಲನ್ನು ಇದ್ದ ಹಾಗೆಯೇ ಟೈಪ್ ಮಾಡಿದರೂ ಯಂತ್ರ ತಪ್ಪು ಎಂದು ತೋರಿಸಿತು. “ಸರ್, ನಮ್ಮಂಥ ಕನ್ನಡ ಮೀಡಿಯಂನವ್ರಿಗೆ ಇದು ಆಗಂಗಿಲ್ಲ ಅನಸ್ತದ್ರಿ” ಎಂದ. ಆ ಮಾತು ನನ್ನನ್ನು ಚುಚ್ಚಿತು. ತಪ್ಪು ಹುಡುಗನದೋ ಪುಸ್ತಕದ್ದೋ ಎಂದು ತಿಳಿಯಲು ಇಂಥ ಪುಸ್ತಕಗಳ ಇತಿಹಾಸವನ್ನು ಓದತೊಡಗಿದೆ.

ಗಣಕ ಲೋಕದಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕದ ಕಪಾಟಲ್ಲ. ಒಬ್ಬರು ಬರೆದು, ಪರೀಕ್ಷಿಸಿ, ಇತರರು ಬಳಸಲೆಂದು ಇಟ್ಟ ಸಿದ್ಧ ಪ್ರೋಗ್ರಾಂಗಳ ಸಂಗ್ರಹ. ನಾವು ಮಗ್ಗಿಯನ್ನು ಬಳಸುವುದಿಲ್ಲವೇ? ಏಳೆಂಟಲ ಐವತ್ತಾರು ಎಂಬುದನ್ನು ಪ್ರತಿ ಸಲ ಕೂಡಿಸಿ ನೋಡುವುದಿಲ್ಲ. ಇದೂ ಹಾಗೆಯೇ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಎಂಬ ಗಣಕ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದರ ಸಿದ್ಧ ಪ್ರೋಗ್ರಾಂಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೇಲೆ ಉಳಿಸಿ ಕಪಾಟಿನಲ್ಲಿಡುತ್ತಿದ್ದರು. ಬೇಕಾದವರು ಪಟ್ಟಿಯ ಪ್ರತಿ ಮಾಡಿಕೊಂಡು ತಮ್ಮ ಪ್ರೋಗ್ರಾಂಗೆ ಸೇರಿಸುತ್ತಿದ್ದರು. ಈ ಸಂಗ್ರಹವನ್ನು ಬಳಸುವ ಬಗೆಯನ್ನು ವಿವರಿಸಿ ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು 1951ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಪ್ರೋಗ್ರಾಮಿಂಗ್ ಕುರಿತ ಆರಂಭದ ಪುಸ್ತಕಗಳಲ್ಲಿ ಅದು ಅತ್ಯಂತ ಪ್ರಸಿದ್ಧವಾದದ್ದು. ಅದರಲ್ಲಿ ಮೂರು ಭಾಗಗಳಿವೆ: ಮೊದಲು ಪ್ರೋಗ್ರಾಂ ಬರೆಯುವ ಕ್ರಮ, ನಂತರ ಸಂಗ್ರಹದಲ್ಲಿನ ಪ್ರತಿಯೊಂದು ಏನು ಮಾಡುತ್ತದೆ ಎಂಬ ವಿವರ, ಕೊನೆಗೆ ಆಯ್ದ ಪ್ರೋಗ್ರಾಂಗಳ ಪೂರ್ಣ ಪಾಠ. ಅಂದರೆ ಕಲಿಯುವವನಿಗೂ, ಬಳಸುವವನಿಗೂ, ಒಳಗೇನಿದೆ ಎಂದು ಇಣುಕುವವನಿಗೂ ಬೇರೆ ಬೇರೆ ಜಾಗ ಕೊಟ್ಟಿದ್ದರು.

ಈ ಕ್ರಮ ನಮಗೇನೂ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರು. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮೊದಲು ಸೂತ್ರ, ಹಿಂದೆಯೇ ಉದಾಹರಣೆ. ಮಾವಿನಹಣ್ಣಿನ ಹಂಚಿಕೆ, ಸಾಲದ ಬಡ್ಡಿ, ವ್ಯಾಪಾರದ ಲಾಭ. ಅದೇ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬೀಜಗಣಿತದ ಗ್ರಂಥ ಬರೆದರು. ನಿಯಮಗಳನ್ನು ಹೇಳಿ ನಿಲ್ಲಿಸದೆ ಜಮೀನಿನ ಅಳತೆ, ವಾರಸುದಾರರ ಪಾಲು ಮುಂತಾದ ಲೆಕ್ಕಗಳನ್ನು ಮಾಡಿ ತೋರಿಸಿದರು. 1145ರಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾಯಿತು. ಇಂದು ಪ್ರತಿ ಕಂಪ್ಯೂಟರ್ ವಿದ್ಯಾರ್ಥಿ ಉಚ್ಚರಿಸುವ ‘ಅಲ್ಗಾರಿದಮ್’ ಪದ ಅವರ ಹೆಸರಿನಿಂದಲೇ ಬಂದದ್ದು ಎಂಬುದನ್ನು ಮರೆಯಬಾರದು.

ಈಚಿನ ಕಾಲಕ್ಕೆ ಬಂದರೆ, 1992ರಲ್ಲಿ ಪ್ಲಾಗರ್ ಅವರು ಸಿ ಭಾಷೆಯ ಲೈಬ್ರರಿ ಕುರಿತು ಬರೆದ ಪುಸ್ತಕದಲ್ಲಿ ಆ ಲೈಬ್ರರಿಯ ಕೋಡ್, ಪರೀಕ್ಷೆಗಳು ಮತ್ತು ಅಭ್ಯಾಸಗಳನ್ನು ಒಟ್ಟಿಗೆ ಕೊಟ್ಟರು. ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯನ್ನು ಆರಂಭಿಸಿದ ವೆಸ್ ಮೆಕಿನ್ನಿ ಅವರ ಪುಸ್ತಕ 2012ರಲ್ಲಿ ಬಂತು. ಲೈಬ್ರರಿ ಬದಲಾದಂತೆ 2017 ಮತ್ತು 2022ರಲ್ಲಿ ಅದನ್ನು ಪರಿಷ್ಕರಿಸಿದರು. ಮೂರನೆಯ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ.

ಇವನ್ನೆಲ್ಲ ನೋಡಿದರೆ ಓದುಗ ಯಾವುದನ್ನು ಮೆಚ್ಚುತ್ತಾನೆ ಎಂಬುದು ಸ್ಪಷ್ಟವಾಗುತ್ತದೆ. ಒಂದು, ಟೈಪ್ ಮಾಡಿದರೆ ನಡೆಯುವ ಉದಾಹರಣೆ. ಎರಡು, ಸುಲಭದಿಂದ ಕಠಿಣಕ್ಕೆ ಸಾಗುವ ಕ್ರಮ. ಮೂರು, ‘ಹೀಗೆ ಮಾಡು’ ಎಂಬುದರ ಜೊತೆಗೆ ‘ಏಕೆ’ ಎಂಬ ವಿವರಣೆ. ನಾಲ್ಕು, ಬೇಕಾದದ್ದನ್ನು ತಟ್ಟನೆ ಹುಡುಕಿಕೊಡುವ ಪದಸೂಚಿ. ಐದು, ಯಾವ ಆವೃತ್ತಿಗೆ ಬರೆದದ್ದು ಎಂಬ ಪ್ರಾಮಾಣಿಕ ಸೂಚನೆ.

ಈ ಐದನೆಯದರಲ್ಲೇ ನಮ್ಮ ಹುಡುಗ ಎಡವಿದ್ದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ. ಅವನು ನಕ್ಕು, “ಅದು ಪೈಥಾನ್ ಎರಡರ ಪುಸ್ತಕ ಸರ್. ಈಗಿರೋದು ಮೂರು. ಒಂದು ಆವರಣ ಚಿಹ್ನೆ ಹಾಕಿದ್ರೆ ಸಾಕು” ಎಂದ. ಮೂರನೆಯ ಪೈಥಾನ್ 2008ರಲ್ಲೇ ಬಂದಿತ್ತು. ಎರಡನೆಯದಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿತ್ತು. ತಪ್ಪು ಹುಡುಗನದಲ್ಲ, ಅವನ ಮಾಧ್ಯಮದ್ದಂತೂ ಅಲ್ಲವೇ ಅಲ್ಲ. ಒಂದು ಆವರಣ ಚಿಹ್ನೆಯಿಂದಾಗಿ ಒಬ್ಬ ಬಡ ವಿದ್ಯಾರ್ಥಿ ಓದಿಗೇ ಬೆನ್ನು ತಿರುಗಿಸುವವನಿದ್ದ!

ತಾಯಿನುಡಿಯಲ್ಲಿ ವಿಜ್ಞಾನ ಸಾಧ್ಯವೇ ಎಂದು ಕೇಳುವವರು ನಮ್ಮದೇ ಇತಿಹಾಸವನ್ನು ನೋಡಬೇಕು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದಲ್ಲಿ 1917ರಲ್ಲಿ ಅನುವಾದ ವಿಭಾಗವನ್ನು, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸಿದರು. 2019ರಲ್ಲಿ ಆರಂಭವಾದ ಐಐಐಟಿ ಈಗ ನಮ್ಮ ರಾಯಚೂರಿನಲ್ಲೇ ಇದೆ. ಅದರ ಬಾಗಿಲು ತಟ್ಟಬೇಕಾದ ಮಕ್ಕಳು ದೇವದುರ್ಗ, ಮಾನ್ವಿಯ ಶಾಲೆಗಳಲ್ಲಿ ಕುಳಿತಿದ್ದಾರೆ.

ಆದ್ದರಿಂದ ವಿದ್ಯಾರ್ಥಿಗಳೇ, ಪುಸ್ತಕ ಕೊಳ್ಳುವ ಮೊದಲು ಅದರ ದಪ್ಪವನ್ನಲ್ಲ, ಇಸವಿಯನ್ನು ನೋಡಿರಿ. ಒಂದು ಉದಾಹರಣೆಯನ್ನಾದರೂ ಮಾಡಿ ನೋಡಿರಿ. ಸಂಘದ ಹಿರಿಯರೇ, ಹಳೆಯ ಪುಸ್ತಕಗಳನ್ನು ದಾನವಾಗಿ ಪಡೆಯುವಾಗ ಮೊದಲ ಪುಟದಲ್ಲಿ ಆವೃತ್ತಿಯನ್ನು ಬರೆದಿಡೋಣ. ಖರ್ಚಿಲ್ಲದ ಈ ಕೆಲಸ ಒಂದು ಮಗುವಿನ ಆತ್ಮವಿಶ್ವಾಸವನ್ನು ಉಳಿಸಬಲ್ಲದು.