ಎಸ್‌ಎಂಪಿಎಸ್ ಪುರಾಣ: ಡಬ್ಬಿಯ ಮೇಲಿನ ವ್ಯಾಟ್ ಮತ್ತು ಒಳಗಿನ ಸತ್ಯ

ಕಂಪ್ಯೂಟರ್ ಅಸೆಂಬಲ್ ಮಾಡಿಸುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಹತ್ತು ಸಲ ಕೇಳ್ತೀವಿ. ಎಸ್‌ಎಂಪಿಎಸ್ ವಿಷಯಕ್ಕೆ ಬಂದರೆ ಮಾತ್ರ "ಕ್ಯಾಬಿನೆಟ್ ಜೊತೆಗೇ ಬರತ್ತೆ ಸರ್" ಅನ್ನೋ ಉತ್ತರಕ್ಕೆ ತಲೆಯಾಡಿಸಿ ಬಂದುಬಿಡ್ತೀವಿ. ಇಡೀ ಕಂಪ್ಯೂಟರಿಗೆ ಅನ್ನ ಹಾಕೋದೇ ಆ ಡಬ್ಬಿ! ಅದರ ಗುಣ ಅಳೆಯೋದನ್ನು ಜನ ಹಂತಹಂತವಾಗಿ ಕಲಿತದ್ದೇ ಒಂದು ಕತೆ.

ಹಳೇ ಪವರ್ ಸಪ್ಲೈಗಳಲ್ಲಿ ದಪ್ಪ ಟ್ರಾನ್ಸ್‌ಫಾರ್ಮರ್ ಇರ್ತಿತ್ತು. ಭಾರವೂ ಹೆಚ್ಚು, ಬಿಸಿಯೂ ಹೆಚ್ಚು. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಟ್ಟರೆ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ಅದೇ ಸ್ವಿಚಿಂಗ್ ತಂತ್ರ. 1977ರ ಆಪಲ್ 2ಕ್ಕೆ ರಾಡ್ ಹೋಲ್ಟ್ ಇಂಥದ್ದನ್ನು ಮಾಡಿಕೊಟ್ಟರು. ಈ ತಂತ್ರದಲ್ಲಿ ಅವರೇ ಮೊದಲಿಗರೇನಲ್ಲ, ಆದರೆ ಮನೆ ಕಂಪ್ಯೂಟರಿನಲ್ಲಿ ಅದು ಎದ್ದು ಕಂಡಿತು. 1981ರ ಐಬಿಎಂ ಪಿಸಿಯ ಸಪ್ಲೈ ಬರೀ 63.5 ವ್ಯಾಟ್. 2022ರ ಆರ್‌ಟಿಎಕ್ಸ್ 4090 ಅನ್ನೋ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 450 ವ್ಯಾಟ್ ಬೇಕು!

1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾನಕ ತಂತು. 2000ದಲ್ಲಿ ಪೆಂಟಿಯಂ 4ರ ಜೊತೆ ಪ್ರೊಸೆಸರಿನ ಹೊರೆ 5 ವೋಲ್ಟಿನಿಂದ 12 ವೋಲ್ಟಿಗೆ ಬಿತ್ತು. ಮೋಸ ಶುರುವಾಗೋದು ಇಲ್ಲೇ. ಡಬ್ಬಿಯ ಮೇಲೆ 450 ವ್ಯಾಟ್ ಅಂತಿರತ್ತೆ. 12 ವೋಲ್ಟಿನ ಸಾಲಲ್ಲಿ 20 ಆಂಪಿಯರ್ ಅಂತಿದ್ದರೆ ಅಲ್ಲಿ ಸಿಗೋದು 240 ವ್ಯಾಟ್ ಮಾತ್ರ. ಹಾಗಾಗಿ ಮೊದಲ ಪಾಠ: ದೊಡ್ಡ ಅಕ್ಷರ ಬಿಡಿ, ಪಟ್ಟಿ ಓದಿ.

2004ರಲ್ಲಿ 80 ಪ್ಲಸ್ ಯೋಜನೆ ಶುರುವಾಯ್ತು. ಗೋಡೆಯಿಂದ 100 ವ್ಯಾಟ್ ಎಳೆದರೆ ಕನಿಷ್ಠ 80 ವ್ಯಾಟ್ ಕಂಪ್ಯೂಟರಿಗೆ ತಲುಪಬೇಕು. ಆಮೇಲೆ ಬ್ರಾಂಜ್, ಗೋಲ್ಡ್, ಟೈಟಾನಿಯಂ ಪದಕಗಳೂ ಬಂದವು. ಒಳ್ಳೇದೇ. ಆದರೆ ಅದು ಅಳೆಯೋದು ದಕ್ಷತೆಯನ್ನು, ಅದೂ 23 ಡಿಗ್ರಿಯ ತಂಪಿನಲ್ಲಿ. ನಮ್ಮ ರಾಯಚೂರಿನ ಮೇ ತಿಂಗಳನ್ನು ಅದು ಕಂಡಿಲ್ಲ :)

ಅಸಲಿ ಪರೀಕ್ಷೆ ಮಾಡಿ ತೋರಿಸಿದವರು ಲೋಡ್ ಟೆಸ್ಟರ್, ಆಸಿಲೋಸ್ಕೋಪ್ ಹಿಡಿದು ಕೂತ ವಿಮರ್ಶಕರು. ಪೂರ್ತಿ ಹೊರೆ ಹಾಕಿದಾಗ ವೋಲ್ಟೇಜ್ ಶೇಕಡಾ 5ರೊಳಗೆ ನಿಲ್ಲತ್ತಾ? 12 ವೋಲ್ಟಿನ ಅಲುಗಾಟ 120 ಮಿಲಿವೋಲ್ಟ್ ಮೀರತ್ತಾ? ಕರೆಂಟ್ ಹೋದ ಮೇಲೆ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿಯತ್ತಾ? ಕೊನೆಯದು ನಮಗೆ ತುಂಬಾ ಮುಖ್ಯ. ಮನೆಯ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕಲ್ಲ, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಾರದು.

2004ರ ಸುಮಾರಿಗೆ ಅಲ್ಟ್ರಾ ಕಂಪನಿಯ ಎಕ್ಸ್-ಕನೆಕ್ಟ್ ಮಾಡ್ಯುಲರ್ ಸಪ್ಲೈಯನ್ನು ಜನಪ್ರಿಯ ಮಾಡಿತು. ಬೇಕಾದ ಕೇಬಲ್ ಮಾತ್ರ ಚುಚ್ಚಿಕೊಳ್ಳಬಹುದು, ಕ್ಯಾಬಿನೆಟ್ ಒಳಗೆ ಶಾವಿಗೆ ರಾಶಿ ಇಲ್ಲ. "ಜೋಡಣೆ ಹೆಚ್ಚಾದರೆ ತಡೆಯೂ ಹೆಚ್ಚು" ಅಂತ ಆಗ ಕೆಲವರು ಗೊಣಗಿದ್ದರು. ಒಳ್ಳೆಯ ಕನೆಕ್ಟರಿನಲ್ಲಿ ಆ ನಷ್ಟ ತೀರಾ ಕಮ್ಮಿ. ನಿಜವಾದ ಅಪಾಯ ಬೇರೆ: ಡಬ್ಬಿಯ ಕಡೆಯ ಪಿನ್‌ಗಳಿಗೆ ಮಾನಕವೇ ಇಲ್ಲ. ನನ್ನ ಗೆಳೆಯನೊಬ್ಬ ಹಳೇ ಸಪ್ಲೈಯ ಕೇಬಲನ್ನೇ ಬೇರೆ ಕಂಪನಿಯ ಹೊಸದಕ್ಕೆ ಚುಚ್ಚಿದ. ಸರಿಯಾಗೇ ಕೂತಿತು. 5 ವೋಲ್ಟ್ ಬರಬೇಕಾದ ಜಾಗಕ್ಕೆ 12 ವೋಲ್ಟ್ ಬಂತು. ಹಾರ್ಡ್ ಡಿಸ್ಕ್ ಸುಟ್ಟುಹೋಯ್ತು, ಅದರ ಜೊತೆ ಅವನ ಅಕ್ಕನ ಮದುವೆಯ ಫೋಟೋಗಳೂ.

2022ರಲ್ಲಿ ಕನೆಕ್ಟರ್ ಮತ್ತೆ ಸುದ್ದಿಯಾಯ್ತು. ಹೊಸ 12 ಪಿನ್ನಿನ ಕನೆಕ್ಟರಿಗೆ 600 ವ್ಯಾಟ್ ಹೊರುವ ಕೆಲಸ, ಅಂದರೆ 50 ಆಂಪಿಯರ್. ಹಂಚಿಕೊಳ್ಳೋಕೆ ಆರೇ ಪಿನ್. ಪೂರ್ತಿ ಕೂರದ ಕೆಲವು ಕರಗಿಹೋದವು. 2023ರಲ್ಲಿ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿ ತಿದ್ದಿದರು. ಸರಿಯಾಗಿ ಕೂರದಿದ್ದರೆ ಕಾರ್ಡ್ ಅಷ್ಟು ಕರೆಂಟ್ ಎಳೆಯಬಾರದು ಅನ್ನೋದು ಉದ್ದೇಶ.

ನೋಡಿ, ವ್ಯಾಟ್, ಪದಕ, ಮಾಡ್ಯುಲರ್ ಎಲ್ಲವೂ ಡಬ್ಬಿಯ ಹೊರಗೇ ಕಾಣತ್ತೆ. ಗುಣ ಗೊತ್ತಾಗೋದು ಹೊರೆ ಬಿದ್ದಾಗ ಮಾತ್ರ. ಕೊಳ್ಳುವ ಮುಂಚೆ ಲೋಡ್ ಹಾಕಿ ಪರೀಕ್ಷಿಸಿದ ವರದಿ ಒಂದನ್ನಾದರೂ ಓದಿ. ಹಳೇ ಕೇಬಲ್‌ಗಳನ್ನು ಅವುಗಳ ಡಬ್ಬಿಯ ಜೊತೆಗೇ ಕಟ್ಟಿಡಿ.