ಬೇಲೇಕೇರಿಯ ದಕ್ಕೆಯಿಂದ ಕೈಗಾದವರೆಗೆ: ಮಾದರಿ ಸಂಗ್ರಹದ ಭಿನ್ನ ತರ್ಕಗಳು

ಅಂಕೋಲಾ ತಾಲ್ಲೂಕಿನ ಹಾರವಾಡ, ಕೇಣಿ, ಬೇಲೇಕೇರಿಗಳಲ್ಲಿ ದೋಣಿ ದಡ ಸೇರಿದರೆ ಬಂಗಡೆ, ತಾರಲೆಗಳ ಬುಟ್ಟಿಗಳು ನೋಡನೋಡುತ್ತಲೇ ಖಾಲಿಯಾಗುತ್ತವೆ. ಪ್ರತಿ ಬುಟ್ಟಿಯನ್ನೂ ತೂಗಿ ಕರಾವಳಿಯ ಮೀನಿಳುವರಿಯ ಲೆಕ್ಕ ಹಾಕುವುದು ಆಗದ ಮಾತು. ಅದಕ್ಕೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸ್ತರೀಕೃತ ಬಹುಹಂತದ ಯಾದೃಚ್ಛಿಕ ಮಾದರಿ ಪದ್ಧತಿಯನ್ನು ಬಳಸುತ್ತದೆ. ಹಲವು ಇಳಿದಾಣಗಳಿರುವ ವಲಯದಲ್ಲಿ ತಿಂಗಳ ಮೊದಲ 5 ದಿನಗಳೊಳಗೆ ಒಂದು ದಿನವನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಅಲ್ಲಿಂದ ಸತತ 6 ದಿನಗಳು ಎರಡೆರಡರಂತೆ 3 ಜೋಡಿಗಳಾಗುತ್ತವೆ. 10 ದಿನಗಳ ಅಂತರದಲ್ಲಿ ಇದೇ ಕ್ರಮ ಮರುಕಳಿಸುತ್ತದೆ. ಜೋಡಿಯ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ 12ರವರೆಗೆ ಗಣಕರು ದಡದಲ್ಲಿರುತ್ತಾರೆ. ನಡುವಿನ ರಾತ್ರಿಯ ಲೆಕ್ಕ ಮೀನುಗಾರರನ್ನು ವಿಚಾರಿಸಿ ಪಡೆದದ್ದು. ಅಂದರೆ ಇಷ್ಟು ಬಿಗಿಯಾದ ಗಣಿತದ ಒಳಗೂ ಬಾಯಿಮಾತಿಗೆ ಜಾಗವಿದೆ. 15ರವರೆಗೆ ದೋಣಿ ಬಂದರೆ ಎಲ್ಲವನ್ನೂ ನೋಡಬೇಕು. 50 ಮುಟ್ಟಿದರೆ ಐದಕ್ಕೊಂದು ಸಾಕು.

ಈ ನಿಯಮದ ಕೆಲಸ ಗಣಕರ ಕೈ ಕಟ್ಟಿಹಾಕುವುದು: ಮೀನು ಹೆಚ್ಚು ಬಿದ್ದ ದಿನ, ಪರಿಚಯದವರ ದೋಣಿ ಎಂದು ಆರಿಸಿಕೊಳ್ಳುವಂತಿಲ್ಲ. ಆದರೂ 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆ ಬರುವ ಮೊದಲು ಇಲ್ಲಿ ಮೆರೆದ, ದಡದಿಂದ ಎಳೆಯುವ ರಂಪಣಿ ಬಲೆಯನ್ನು ನೆನೆದರೆ ಪದ್ಧತಿಯ ಮಿತಿ ತಿಳಿಯುತ್ತದೆ. ಅಪರೂಪಕ್ಕೆ ಬೀಳುವ ಒಂದು ಭಾರೀ ಬಲೆ ಆಯ್ದ ದಿನವೇ ಬಿದ್ದರೆ ಅಂದಾಜು ಏರುತ್ತದೆ, ತಪ್ಪಿದರೆ ಕುಸಿಯುತ್ತದೆ.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತರ್ಕ ತಿರುವುಮುರುವು. 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಅಣು ವಿದ್ಯುತ್ ಸ್ಥಾವರದ ಬಿಸಿನೀರು ಕದ್ರಾ ಜಲಾಶಯ ಸೇರುತ್ತದೆ. ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ನೀರು, ಮೀನು, ಹಾಲು, ಅಕ್ಕಿಗಳ ಮಾದರಿಗಳನ್ನು ಪರೀಕ್ಷಿಸುತ್ತದೆ. ಇಲ್ಲಿ ಯಾದೃಚ್ಛಿಕತೆ ಗುಣವಲ್ಲ. ವಿಕಿರಣ ಸೇರುವ ಸಂಭವ ಎಲ್ಲಿ ಹೆಚ್ಚೋ ಅಲ್ಲೇ ಹುಡುಕಬೇಕು. ಹುಲ್ಲಿನ ಮೇಲೆ ಕೂತ ಅಯೋಡಿನ್-131 ಹಸುವಿನ ಹಾಲಿಗೆ ಬೇಗ ಇಳಿಯುತ್ತದೆ, ಸುಮಾರು 8 ದಿನಗಳಲ್ಲಿ ಅರ್ಧವಾಗುತ್ತದೆ. ಆದ್ದರಿಂದ ಹಾಲಿನ ಮಾದರಿಯನ್ನು ತಡವಾಗಿ ಪರೀಕ್ಷಿಸಿದರೆ ಪ್ರಯೋಜನವಿಲ್ಲ.

ಮಾದರಿಯ ಉದ್ದೇಶವೇ ಬೇರೆಯಾಗುವುದೂ ಉಂಟು. 2024ರ ಜುಲೈ 16ರ ಶಿರೂರು ಗುಡ್ಡ ಕುಸಿತದ ನಂತರ, ಗಂಗಾವಳಿ ನದಿಯಿಂದ ಸೆಪ್ಟೆಂಬರ್‌ನಲ್ಲಿ ಮೇಲೆತ್ತಿದ ಲಾರಿಯಲ್ಲಿದ್ದ ಶವವನ್ನು ಡಿಎನ್‌ಎ ಪರೀಕ್ಷೆ ಗುರುತಿಸಿತು. ಆ ಮಾದರಿ ಯಾವ ಸಮೂಹದ ಪ್ರತಿನಿಧಿಯೂ ಅಲ್ಲ, ಒಬ್ಬ ವ್ಯಕ್ತಿಯ ಗುರುತು ಮಾತ್ರ.

ಬೇಲೇಕೇರಿ ಬಂದರಿನ ಕಬ್ಬಿಣದ ಅದಿರು ಇನ್ನೊಂದು ಬಗೆ. ಅದಿರಿನ ದರ ಕಬ್ಬಿಣಾಂಶ, ತೇವಾಂಶಗಳ ಮೇಲೆ ನಿಲ್ಲುತ್ತದೆ. ರಾಶಿ ಹಾಕುವಾಗ ದಪ್ಪ ಗಟ್ಟಿಗಳು ಉರುಳಿ ಬುಡ ಸೇರುವುದರಿಂದ ಮೇಲಿನ ಹಿಡಿಯನ್ನಷ್ಟೇ ನಂಬುವಂತಿಲ್ಲ. ಸಾಗಣೆಯ ಪಟ್ಟಿಯಿಂದ ಬೀಳುತ್ತಿರುವಾಗಲೇ ತುಂಡುತುಂಡಾಗಿ ಮಾದರಿ ತೆಗೆಯುವುದು ಕ್ಷೇಮ. ಆದರೆ 2010ರಲ್ಲಿ ಜಪ್ತಿಯಾಗಿದ್ದ ಅದಿರು ಇದೇ ಬಂದರಿನಿಂದ ಸಾಗಿಹೋದಾಗ ಕಬ್ಬಿಣಾಂಶದ ವರದಿ ಎಷ್ಟೇ ನಿಖರವಾಗಿದ್ದರೂ ಉಪಯೋಗಕ್ಕೆ ಬರುವಂತಿರಲಿಲ್ಲ. ಬೇಕಿದ್ದದ್ದು ಇಡೀ ರಾಶಿಯ ತೂಕ ಮತ್ತು ಪರವಾನಗಿಯ ಕಾಗದ.