ಮಹಾಪಧಮನಿಯ ಊತ: ತೊಡೆಸಂದಿನ ದಾರಿ ಮತ್ತು ದುರ್ಬಲ ರೋಗಿ

ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಮೂಲಕ ಇಳಿಯುವ ಮಹಾಪಧಮನಿಯ ಗೋಡೆ ಒಂದೆಡೆ ಸಡಿಲಗೊಂಡು ಉಬ್ಬುವುದನ್ನು ವೈದ್ಯಶಾಸ್ತ್ರವು ಅನ್ಯೂರಿಸಮ್ ಎಂದು ಕರೆಯುತ್ತದೆ. ಬಹುಪಾಲು ನೋವಿಲ್ಲದೆ ಬೆಳೆಯುವ ಈ ಊತ ಒಡೆದಲ್ಲಿ ಬದುಕುಳಿಯುವವರು ವಿರಳ. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೊ ಅವರು ಊದಿದ ಭಾಗವನ್ನು ತೆಗೆದು, ಮೃತ ವ್ಯಕ್ತಿಯ ಅಪಧಮನಿಯನ್ನು ಅಲ್ಲಿ ಕಸಿ ಮಾಡಿದರು. ತೆರೆದ ಶಸ್ತ್ರಚಿಕಿತ್ಸೆಯು ಅನಂತರ ರೂಢಿಗೆ ಬಂದಿತು. ಆದರೆ ಹೊಟ್ಟೆಯನ್ನು ಸೀಳಿ, ರಕ್ತದ ಹರಿವನ್ನು ಕೆಲಕಾಲ ತಡೆದು ನಡೆಸುವ ಈ ಕ್ರಮವನ್ನು ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಸೋತ ವೃದ್ಧರು ತಾಳುವುದು ಕಷ್ಟ.

ಇಂಥವರನ್ನು ಕಣ್ಮುಂದಿಟ್ಟುಕೊಂಡೇ ಅರ್ಜೆಂಟೀನಾದ ಹ್ವಾನ್ ಪರೋದಿ ಅವರು ಬೇರೊಂದು ದಾರಿಯನ್ನು ಅರಸಿದರು. 1990ರ ಸೆಪ್ಟೆಂಬರ್ 7ರಂದು ಬ್ಯೂನಸ್ ಐರಿಸ್‌ನಲ್ಲಿ ಅದು ಮೊದಲು ಫಲಿಸಿತು. ತೊಡೆಸಂದಿನ ಅಪಧಮನಿಯ ಮೂಲಕ ಮಡಿಚಿದ ಡಾಕ್ರಾನ್ ಕೊಳವೆಯನ್ನು ಮೇಲಕ್ಕೆ ಸಾಗಿಸಿ, ಬಲೂನಿನಿಂದ ಅರಳುವ ಲೋಹದ ಸ್ಟೆಂಟಿನಿಂದ ಅದನ್ನು ಒಳಗೋಡೆಗೆ ಬಿಗಿಯಲಾಯಿತು. ರಕ್ತವು ಕೊಳವೆಯೊಳಗೆ ಹರಿಯತೊಡಗಿದರೆ ಊತದ ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ. ಐವರು ರೋಗಿಗಳ ವರದಿ 1991ರಲ್ಲಿ ಪ್ರಕಟವಾಯಿತು.

ಮೊದಲಿಗರು ಯಾರೆಂಬ ಪ್ರಶ್ನೆಗೆ ಇಲ್ಲಿ ಸರಳ ಉತ್ತರವಿಲ್ಲ. ಆಗಿನ ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೋಸ್ ಅವರು 1987ರಲ್ಲಿಯೇ ಎದೆಭಾಗದ ಮಹಾಪಧಮನಿಗೆ ಇಂಥ ಕೊಳವೆಯನ್ನು ಅಳವಡಿಸಿದ್ದರು. ಆ ಬರಹಗಳು ರಷ್ಯನ್ ಭಾಷೆಯಲ್ಲಿದ್ದುದರಿಂದ ಪಶ್ಚಿಮದ ವೈದ್ಯರು ಅವನ್ನು ಬಹುಕಾಲ ಗಮನಿಸಲಿಲ್ಲ. ಕಥೆಯ ಮೂಲಪಾಠವನ್ನು ಹುಡುಕುವ ಜಾನಪದ ವಿದ್ವಾಂಸರಿಗೆ ಇದು ಅಪರಿಚಿತ ಸಂಗತಿಯಲ್ಲ.

ಈ ಇತಿಹಾಸದ ಕಠಿಣ ಅಧ್ಯಾಯವಿರುವುದು ಬ್ರಿಟನ್ನಿನಲ್ಲಿ. ತೆರೆದ ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲವರ ಅಧ್ಯಯನದಲ್ಲಿ ಹೊಸ ವಿಧಾನವು ಮೊದಲ 30 ದಿನಗಳ ಸಾವನ್ನು ಶೇ. 4.7ರಿಂದ ಶೇ. 1.7ಕ್ಕೆ ಇಳಿಸಿತು. ಅದನ್ನು ತಾಳಲಾರದ 338 ಮಂದಿಯ ಪ್ರತ್ಯೇಕ ಅಧ್ಯಯನದ ಫಲಿತಾಂಶ 2005ರಲ್ಲಿ ಹೊರಬಂದಾಗ ಚಿತ್ರ ಬೇರೆಯಾಗಿತ್ತು. ಕೊಳವೆ ಅಳವಡಿಸಿಕೊಂಡವರಲ್ಲಿ ಶೇ. 9ರಷ್ಟು ಜನ 30 ದಿನಗಳೊಳಗೆ ತೀರಿಕೊಂಡರು. ಚಿಕಿತ್ಸೆಯಿಲ್ಲದ ಗುಂಪಿಗಿಂತ ಅವರ ಆಯುಷ್ಯ ಹೆಚ್ಚಲಿಲ್ಲ. ಚಿಕಿತ್ಸೆ ಬೇಡವೆಂದು ನಿಗದಿಯಾಗಿದ್ದ 172 ಮಂದಿಯಲ್ಲಿ 47 ಜನ ಕಾಲಾನಂತರ ದುರಸ್ತಿ ಮಾಡಿಸಿಕೊಂಡರಾದ್ದರಿಂದ ಈ ತೀರ್ಮಾನವನ್ನು ಹಲವರು ಒಪ್ಪಲಿಲ್ಲ. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ 404 ಮಂದಿಯನ್ನು ಒಳಗೊಂಡ 2010ರ ವರದಿ ಒಟ್ಟು ಸಾವಿನ ವಿಷಯದಲ್ಲಿ ಮೊದಲಿನ ಮಾತನ್ನೇ ಪುನಃ ಹೇಳಿತು: ಊತದಿಂದ ಸಾಯುವವರು ಕಡಿಮೆಯಾಗಿದ್ದರು, ಸಾಯುವವರ ಒಟ್ಟು ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸವಾಗಿರಲಿಲ್ಲ.